ರುಚಿ ನೋಡೋಕೆ ಹೋದವಳು ಬಕೆಟ್ ನೋಡಿ ಬಂದೆ

ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ರುಚಿ ನೋಡೋಕೆ ಪೋಷಕರನ್ನೂ ಕರೆಯುತ್ತಾರೆ. ಬಡಿಸುವ ಮೊದಲು ಒಬ್ಬ ಟೀಚರ್ ತಿಂದು ನೋಡಲೇಬೇಕು, ಅದು ನಿಯಮ. ಜೊತೆಗೆ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯವರೋ ಯಾವುದಾದರೂ ಮಗುವಿನ ಅಮ್ಮನೋ ಇದ್ದರೆ ಒಳ್ಳೆಯದು ಅಂತ. ನನ್ನ ಮಗಳು ಮೂರನೇ ಕ್ಲಾಸು. ಒಂದು ಮಂಗಳವಾರ ನನ್ನ ಸರದಿ ಬಂತು.

ಅವತ್ತು ಅನ್ನ, ಸೀಮೆಬದನೆಕಾಯಿ ಸಾಂಬಾರ್. ಅಂಗೈಗೆ ಒಂದು ತೊಟ್ಟು ಹಾಕಿಸಿಕೊಂಡು ನೆಕ್ಕಲಿಲ್ಲ, ತಟ್ಟೆ ಇಟ್ಟುಕೊಂಡು ಕೂತು ತಿಂದೆ. ಉಪ್ಪು ಖಾರ ಹದವಾಗಿತ್ತು, ಬೇಳೆ ಚೆನ್ನಾಗಿ ಬೆಂದಿತ್ತು. ರುಚಿ ನೋಡಿದವರು ಬರೆಯುವ ಪುಸ್ತಕ ತಂದುಕೊಟ್ಟರು. ಹಿಂದಿನ ಪುಟಗಳಲ್ಲೆಲ್ಲ 'ಚೆನ್ನಾಗಿದೆ', 'ಉತ್ತಮ', ಮತ್ತೆ 'ಚೆನ್ನಾಗಿದೆ'. ನಾನೂ ಅದನ್ನೇ ಬರೆದು ಸಹಿ ಹಾಕಿದೆ. ಸುಳ್ಳೇನಲ್ಲ. ಆದರೆ ದೊಡ್ಡವರ ನಾಲಿಗೆಗೆ ರುಚಿಯಾದ ಮಾತ್ರಕ್ಕೆ ಅದು ಮಕ್ಕಳ ಹೊಟ್ಟೆಗೆ ಹೋಗುತ್ತೆ ಅಂತೇನಿಲ್ಲ ಅಲ್ವಾ?

ಮಗಳು ಹೇಗೆ ಉಣ್ಣುತ್ತಾಳೆ ನೋಡೋಣ ಅಂತ ಜಗಲಿ ಕಂಬದ ಹತ್ತಿರ ಸುಮ್ನೆ ನಿಂತೆ. ಸಾಂಬಾರಿನ ಹೋಳು ಒಂದೊಂದೂ ನನ್ನ ಹೆಬ್ಬೆರಳಿನಷ್ಟು ದಪ್ಪ. ಒಬ್ಬ ಹುಡುಗ ಅವನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದ, ಎಷ್ಟು ಶ್ರದ್ಧೆಯಿಂದ ಅಂದರೆ ಒಂದು ಚೂರೂ ತಪ್ಪಿ ಬಾಯಿಗೆ ಹೋಗಲಿಲ್ಲ. ನನ್ನ ಮಗಳು ಟೀಚರ್‌ಗೆ ಕಾಣದ ಹಾಗೆ ಕೊನೇ ತುತ್ತಿನ ಅನ್ನದ ಕೆಳಗೆ ಬಚ್ಚಿಟ್ಟಳು. ಎಲ್ಲರೂ ಎದ್ದ ಮೇಲೆ ನಲ್ಲಿ ಪಕ್ಕದ ಮುಸುರೆ ಬಕೆಟ್ ಇಣುಕಿ ನೋಡಿದರೆ, ಅನ್ನ ಅಷ್ಟಿಷ್ಟು, ಮಿಕ್ಕಿದ್ದೆಲ್ಲ ಸೀಮೆಬದನೆ. ಆ ಮುಸುರೆ ಊರಿನವರೊಬ್ಬರ ಹಸುವಿಗೆ ಹೋಗುತ್ತೆ. ಆ ಹಸು ನಮ್ಮ ಮಕ್ಕಳಿಗಿಂತ ಜಾಸ್ತಿ ತರಕಾರಿ ತಿನ್ನುತ್ತಿದೆ.

ಲೆಕ್ಕದಲ್ಲಿ ಎಲ್ಲ ಸರಿಯಾಗೇ ಇದೆ. ಒಂದರಿಂದ ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟರವರಿಗೆ 150, 30, 75 ಗ್ರಾಂ. ತರಕಾರಿ ಕೊಳಗದವರೆಗೆ ಬರುತ್ತೆ. ಅಲ್ಲಿಂದ ಬಾಯಿಗೆ ಹೋಗುವ ದಾರಿಯಲ್ಲೇ ತಪ್ಪಿಸಿಕೊಳ್ಳುತ್ತೆ.

ಅಡುಗೆಯಕ್ಕನ ಹತ್ತಿರ ಹೋಗಿ, "ಹೋಳು ಸ್ವಲ್ಪ ಸಣ್ಣದಾಗಿ ಹೆಚ್ಚಿದ್ರೆ ಆಗಲ್ವಾ ಅಕ್ಕ?" ಅಂದೆ. ಅವರು ಕೊಳಗ ಉಜ್ಜುತ್ತಲೇ ಇದ್ದರು. "ಬೆಳಿಗ್ಗೆ ಹಾಲಿನ ಪುಡಿ ಕಲಸಿ ಕಾಯಿಸಬೇಕು, ಲೋಟ ಎಣಿಸಿ ಕೊಡಬೇಕು, ಪಾತ್ರೆ ತೊಳೀಬೇಕು. ಅಷ್ಟೊತ್ತಿಗೆ ಹತ್ತೂವರೆ. ಆಮೇಲೆ ಅಕ್ಕಿ ಆರಿಸಿ, ಮೊಟ್ಟೆ ಬೇಯಿಸಿ, ಇಷ್ಟು ತರಕಾರಿ ಹೆಚ್ಚೋಕೆ ನಾವಿರೋದು ಇಬ್ರು. ಒಂದಿನ ನೀವೇ ಬಂದು ಹೆಚ್ಚಿ ನೋಡಿ." ಕೋಪದಿಂದ ಹೇಳಿದ್ದಲ್ಲ. ನಿಜ ಹೇಳಿದರು. ಇವರಿಗೆ ಕೊಡುವುದಕ್ಕೆ ಸಂಬಳ ಅಂತಲೂ ಅನ್ನಲ್ಲ, ಗೌರವಧನ ಅಂತಾರೆ. ಬಂದು ತಪ್ಪು ಹುಡುಕುವ ನಮ್ಮಂಥವರಿಗೇನೂ ಕಮ್ಮಿಯಿಲ್ಲ.

ಮೊಟ್ಟೆ ಮಾತ್ರ ಬಕೆಟ್‌ಗೆ ಬಂದಿರಲಿಲ್ಲ. ಕೆಲವರು ಬಿಳಿ ತಿಂದು ಹಳದಿಯನ್ನು ಪಕ್ಕದವರಿಗೆ ಕೊಡುತ್ತಿದ್ದರು, ಅಷ್ಟೇ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಏರ್ಪಾಡಾಗಿದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮಕ್ಕಳು ಹಟ ಮಾಡದೆ ತಿನ್ನುವುದು ಇದನ್ನೇ.

ಮಕ್ಕಳಿಗೆ ಹಸಿವೇ ಇರಲಿಲ್ಲ ಅನ್ನುವುದೂ ಒಂದಿದೆ. ಬೆಳಗಿನ ಬಿಡುವಿನಲ್ಲಿ ಅರ್ಧ ಶಾಲೆ ಗೇಟಿನ ಎದುರಿನ ಅಂಗಡಿಯಲ್ಲಿರುತ್ತೆ. ಹತ್ತು ರೂಪಾಯಿಗೊಂದು ಖಾರದ ಪ್ಯಾಕೆಟ್. ಒಂದು ಗಂಟೆಗೆ ಸೀಮೆಬದನೆ ಯಾರಿಗೆ ಬೇಕು? ಶಾಲೆಯ ಸುತ್ತ 50 ಮೀಟರ್ ಒಳಗೆ ಉಪ್ಪು, ಸಕ್ಕರೆ, ಎಣ್ಣೆ ಜಾಸ್ತಿ ಇರುವ ಇಂಥ ತಿಂಡಿ ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಅಂಗಡಿಯಣ್ಣ ನಮಗೆ ದೂರದ ನೆಂಟರು ಬೇರೆ. ಕೇಳಿದ್ದಕ್ಕೆ, "ದುಡ್ಡು ಕೊಟ್ಟು ಕಳ್ಸೋರು ನೀವೇ ಅಲ್ವೇನಮ್ಮ?" ಅಂದರು. ಇನ್ನೊಂದು ಲೆಕ್ಕ ನೋಡಿ. 2025ರ ಮೇಯಿಂದ ಪ್ರಾಥಮಿಕ ಶಾಲೆ ಮಗುವಿನ ಒಂದು ಊಟದ ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಗ್ಯಾಸ್ ಎಲ್ಲಕ್ಕೂ ಸೇರಿ ಗೊತ್ತು ಮಾಡಿರುವ ದರ 6 ರೂಪಾಯಿ 78 ಪೈಸೆ. ಅಕ್ಕಿ ಬೇರೆ. ನಾವು ಮಗುವಿನ ಜೇಬಿಗೆ ಹಾಕುವ ಹತ್ತು ರೂಪಾಯಿ ಅದಕ್ಕಿಂತ ದೊಡ್ಡದು!

ಸಂಜೆ ಎಸ್‌ಡಿಎಂಸಿ ಸಭೆಯಲ್ಲಿ ಇಷ್ಟನ್ನೂ ಹೇಳಿದೆ. ಒಬ್ಬರು "ಹಬ್ಬದ ದಿನ ಹೋಳಿಗೆ ಊಟ ಹಾಕಿಸೋಣ" ಅಂದರು. ಹಾಕಿಸಲಿ, ಬೇಡ ಅನ್ನಲ್ಲ. ಆದರೆ ವರ್ಷಕ್ಕೊಂದು ಹೋಳಿಗೆಗಿಂತ ದಿನದ ಸಾಂಬಾರು ಮುಖ್ಯ. ಹೆಡ್‌ಮಿಸ್ ಕೂಡ ನನ್ನ ಕಡೆಗೇ ನಿಂತರು. ಬೇಯಿಸಿದ್ದು ಏನೂ ಮನೆಯಿಂದ ಬೇಡ, ಹಸಿ ತರಕಾರಿ ಸೊಪ್ಪಾದರೆ ಕೊಡಿ ಅಂದರು. ಹಿತ್ತಲಲ್ಲಿ ನುಗ್ಗೆಮರ ಇರುವವರು ಸೊಪ್ಪು ಬಿಡಿಸಿಯೇ ಕಳಿಸುವುದು, ಯಾಕೆಂದರೆ ಬಿಡಿಸುವುದೇ ದೊಡ್ಡ ಕೆಲಸ. ದಿನಕ್ಕೊಬ್ಬರು ಬಂದು ಹೆಚ್ಚಿಕೊಡುವುದು, ಅಪ್ಪಂದಿರೂ ಸೇರಿ. ಇದಕ್ಕೆ ಸಭೆಯಲ್ಲಿ ನಗು ಬಂತು, ಹೆಸರು ಮಾತ್ರ ಬರೆಸಿಕೊಂಡೆ. ಪುಸ್ತಕದಲ್ಲಿ ರುಚಿಯ ಪಕ್ಕ 'ಏನು ಮಿಕ್ಕಿತು' ಅಂತ ಇನ್ನೊಂದು ಕಾಲಂ.

ಅದರ ಮುಂದಿನ ವಾರ ಸಿಹಿಗುಂಬಳವನ್ನು ಬೇಳೆ ಜೊತೆಗೇ ಬೇಯಿಸಿ ಮಸೆದು ಹಾಕಿದರು. ಆರಿಸಿಡೋಕೆ ಹೋಳೇ ಸಿಗಲಿಲ್ಲ, ಮಕ್ಕಳು ಎರಡನೇ ಸಲ ಹಾಕಿಸಿಕೊಂಡರಂತೆ. ಹೆಚ್ಚೋಕೆ ಬರುತ್ತೇನೆ ಅಂದ ಅಪ್ಪಂದಿರಲ್ಲಿ ಒಬ್ಬರು ಬಂದಿದ್ದಾರೆ. ಅಂಗಡಿ ಮುಂದಿನ ಗುಂಪು ಸ್ವಲ್ಪ ಕರಗಿದೆ, ಪೂರ್ತಿ ಇಲ್ಲ. ಕೈ ತೊಳೆಯೋಕೆ ಇರುವುದು ಎರಡೇ ನಲ್ಲಿ, ಸಾಲಲ್ಲಿ ನಿಂತೇ ಊಟದ ಬಿಡುವು ಕಳೆದುಹೋಗುತ್ತೆ ಅಂತ ಪಂಚಾಯ್ತಿಗೂ ಅರ್ಜಿ ಕೊಟ್ಟಿದ್ದೇವೆ. ಮುಂದಿನ ಸಭೆಗೆ ಇಡ್ತೀವಿ ಅಂದಿದ್ದಾರೆ.