ನಿನ್ನ ಹತ್ರ ಇರುವ ‘ಅದು’

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಭಾಷೆಯವರಿಗೆ ‘ಅದು’ ಅಂತ ಹೇಳ್ಲಿಕ್ಕೆ ಎರಡು ಶಬ್ದ ಉಂಟು. ನನ್ನ ಹತ್ರ ಇದ್ದದ್ದು ತೇನೆಯ್, ಅದು ನಮ್ಮ ‘ಇದು’ವಿನ ಹಾಗೇ, ಸಮಸ್ಯೆ ಇಲ್ಲ. ಆದ್ರೆ ನನ್ನಿಂದ ಆಚೆ ಇದ್ದದ್ದನ್ನೆಲ್ಲ ಅವರು ಒಂದೇ ಗೋಣಿಗೆ ತುಂಬಿಸುವುದಿಲ್ಲ, ಕೇಳುವವರ ಹತ್ರ ಇದ್ರೆ ತೇನಾ, ಇಬ್ಬರ ಹತ್ರವೂ ಇಲ್ಲದೆ ಅಲ್ಲೆಲ್ಲೋ ದೂರ ಇದ್ರೆ ತೇರಾ. ಅಂದ್ರೆ ಬಾಯಿ ತೆರೆಯುವ ಮೊದಲು ಎದುರಿನವರು ಎಲ್ಲಿ ಕೂತಿದ್ದಾರೆ ಅಂತ ನೋಡ್ಲೇಬೇಕು.

ಇದು ಎಷ್ಟು ಉಪಯೋಗದ್ದು ಅಂತ ನಮ್ಮ ಮನೆಯಲ್ಲೇ ಗೊತ್ತಾಯ್ತು. ತಂಗಿಯ ಮಗಳು ಆಕ್ಲೆಂಡಿನಲ್ಲಿ ಕೆಲಸದಲ್ಲಿದ್ದಾಳೆ, ವಿಡಿಯೋ ಕಾಲ್ ಮಾಡ್ತಾಳೆ, ನಮ್ಮ ಅಮ್ಮ ಕಾಸರಗೋಡಿನ ಬದಿಯಡ್ಕದ ಮನೆಯ ಜಗಲಿಯಲ್ಲಿ ಕೂತು ಮಾತಾಡ್ತಾರೆ. ಒಂದು ದಿನ ಅವಳ ಮೊಣಕೈ ಹತ್ರ ಒಂದು ಡಬ್ಬಿ ಕಂಡಿತು, ಅಮ್ಮ “ಎಂತ ಮಗಾ ಅದು?” ಅಂತ ಕೇಳಿದ್ರು. ಅವಳು ಫೋನನ್ನು ಕಿಟಕಿಯ ಹೊರಗೆ ತಿರುಗಿಸಿ “ಅದು ಆಚೆ ಮನೆಯವರ ಮರ ಅಜ್ಜಿ” ಅಂದಳು. “ಮರ ಅಲ್ಲ ಮಾರಾಯ್ತಿ, ಅಲ್ಲಿ, ನಿನ್ನ ಕೈಯ ಹತ್ರ ಇದೆಯಲ್ಲ, ಅದು!” ಅಂತ ಮತ್ತೆ ಬಿಡಿಸಿ ಹೇಳ್ಬೇಕಾಯ್ತು. ಮಾವೊರಿಯಲ್ಲಾದ್ರೆ ಹೆ ಆಹಾ ತೇನಾ, ಮುಗೀತು, ಕಿಟಕಿ ಕಡೆ ನೋಡುವ ಪ್ರಶ್ನೆಯೇ ಬರುವುದಿಲ್ಲ. ಆಮೇಲೆ ಆ ಹುಡುಗಿಯೇ ನನಗೆ ಈ ಮೂರು ಶಬ್ದ ಹೇಳಿಕೊಟ್ಟದ್ದು, ಅಲ್ಲಿಂದ ನಾನು ಇದರ ಹಿಂದೆ ಬಿದ್ದದ್ದು.

ಶಬ್ದ ಕಟ್ಟುವ ರೀತಿ ನೋಡಿ, ತುಂಬ ಚಂದ ಉಂಟು. ತೆ ಅಂದ್ರೆ ಗೊತ್ತಿರುವ ಒಂದು ವಸ್ತುವಿನ ಮೊದಲು ಬರುವ ಶಬ್ದ, ಅದಕ್ಕೆ ನೆಯ್, ನಾ, ರಾ ಸೇರಿದ್ರೆ ಈ ಮೂರು. ಬೇಕಾದ್ರೆ ಬಿಡಿಸಿ ನಡುವಿಗೆ ನಾಮಪದ ಇಡಬಹುದು, ತೆ ಫರೆ ನೆಯ್ ಅಂದ್ರೆ ಈ ಮನೆ, ತೆ ಫರೆ ರಾ ಅಂದ್ರೆ ಅಲ್ಲಿ ದೂರದ ಆ ಮನೆ. ಬಹುವಚನಕ್ಕೆ ಏನೂ ಸೇರಿಸ್ಲಿಕ್ಕಿಲ್ಲ, ಮೊದಲಿನ ‘ತ’ ತೆಗೆದ್ರೆ ಆಯ್ತು: ಏನೆಯ್, ಏನಾ, ಏರಾ. ಗಂಡು, ಹೆಣ್ಣು, ವಸ್ತು ಅಂತ ಭೇದವೂ ಇಲ್ಲ. ನಾವು ಕನ್ನಡದಲ್ಲಿ ಅವನು, ಅವಳು, ಅದು ಅಂತ ತೋರಿಸಿದ್ದು ಎಂಥದ್ದು ಅಂತ ನೋಡ್ತೇವೆ, ಅವರು ಯಾರಿಗೆ ತೋರಿಸ್ತಾ ಇದ್ದೇವೆ ಅಂತ ನೋಡ್ತಾರೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು.

ನಮಸ್ಕಾರವೂ ಇದರಿಂದಲೇ ಆದದ್ದು. ತೇನಾ ಕೊಎ, ‘ಅಲ್ಲಿ ನೀನು’ ಅಂತ, ನಿಮ್ಮ ಜಾಗದಲ್ಲಿ ನೀವಿದ್ದೀರಿ, ನಾನು ಕಂಡೆ ಅನ್ನುವ ಹಾಗೆ. ಇಬ್ಬರಿದ್ರೆ ತೇನಾ ಕೋರುವಾ, ಮೂರು ಅಥವಾ ಹೆಚ್ಚು ಜನ ಇದ್ರೆ ತೇನಾ ಕೌತೌ. 1987ರಲ್ಲಿ ಮಾವೊರಿ ನ್ಯೂಜಿಲೆಂಡಿನ ಅಧಿಕೃತ ಭಾಷೆ ಆಯ್ತು, ಈಗ ಆಫೀಸಿನ ಈಮೇಲ್ ಸಹ ತೇನಾ ಕೊಎ ಅಂತ ಶುರುವಾಗ್ತದಂತೆ. ಗಡಿನಾಡಿನಲ್ಲಿ ಕನ್ನಡದಲ್ಲಿ ಒಂದು ಅರ್ಜಿ ಫಾರ್ಮ್ ಸಿಗ್ಬೇಕಾದ್ರೆ ಕೇಳಿ ಕೇಳಿ ಸಾಕಾದವರಿಗೆ ಇದರ ಬೆಲೆ ಗೊತ್ತಾಗ್ತದೆ.

ಕಾಲಕ್ಕೂ ಇದೇ ಶಬ್ದ ನಡೀತದೆ. ತೇರಾ ವಿಕಿ ಅಂದ್ರೆ ಆ ವಾರ, ಅದರ ಮೊದಲು ‘ಇ’ ಸೇರಿದ್ರೆ ಕಳೆದ ವಾರ, ‘ಆ’ ಸೇರಿದ್ರೆ ಬರುವ ವಾರ. ಎರಡು ದಿಕ್ಕಿನ ದೂರಕ್ಕೂ ಒಂದೇ ತೇರಾ! ವಿಚಿತ್ರ ಅಂತ ಕಾಣಬಹುದು, ಆದ್ರೆ ನಾವು ಆಚೆ ಮೊನ್ನೆ ಅಂತಲೂ ಹೇಳ್ತೇವೆ, ಆಚೆ ನಾಡಿದ್ದು ಅಂತಲೂ ಹೇಳ್ತೇವೆ, ಅದೇ ‘ಆಚೆ’ ಹಿಂದಕ್ಕೂ ಹೋಗ್ತದೆ ಮುಂದಕ್ಕೂ ಹೋಗ್ತದೆ.

ಪೆಸಿಫಿಕ್ಕಿನ ಬೇರೆ ದ್ವೀಪಗಳಲ್ಲೂ ಇದೇ ಮೂರರ ಲೆಕ್ಕ ಕಾಣ್ತದೆ. ಸಮೋವಾದಲ್ಲಿ ಲೆನೆಯ್, ಲೆನಾ, ಲೆಲಾ. ಹವಾಯಿಯಲ್ಲಿ ಕೇಯಾ, ಕೇನಾ, ಕೇಲಾ. ಮಾವೊರಿಯ ‘ತ’ ಇದ್ದಲ್ಲಿ ಹವಾಯಿಯಲ್ಲಿ ‘ಕ’, ‘ರ’ ಇದ್ದಲ್ಲಿ ‘ಲ’, ನಮ್ಮ ಪಾಲು ಹಾಲು ಆದ ಹಾಗೆ. ಫಿಜಿಯಲ್ಲಿ ಶಬ್ದಗಳೇ ಬೇರೆ, ಒಂಗೊ, ಒಂಗೊರಿ, ಒಯಾ, ಆದ್ರೆ ನಡುವಿನದ್ದು ಅಲ್ಲಿಯೂ ಕೇಳುವವರದ್ದೇ.

ಕಾಸರಗೋಡಿನಲ್ಲಿ ಇಷ್ಟು ಭಾಷೆ ಉಂಟಲ್ಲ, ಯಾವುದರಲ್ಲಾದ್ರೂ ಇದು ಸಿಗ್ತದಾ ಅಂತ ಹುಡುಕಿದೆ. ಮಲಯಾಳದಲ್ಲಿ ಇದ್, ಅದ್. ತುಳುವಿನಲ್ಲಿ ಉಂದು, ಅವು. ಉಂದು ಅಂದ್ರೆ ‘ಇದು’ವೇ, ನಡುವಿನದ್ದಲ್ಲ. ಎಲ್ಲ ಎರಡೆರಡೇ. ಆದ್ರೆ ಹಳೆಗನ್ನಡದಲ್ಲಿ ಮೂರನೆಯದ್ದು ಇತ್ತು! ಇವಂ, ಅವಂ ಜೊತೆಗೆ ಉವಂ, ತೀರ ಹತ್ರವೂ ಅಲ್ಲ, ತೀರ ದೂರವೂ ಅಲ್ಲ, ನಡುವೆ ಇರುವವನು. ನಾವು ಅದನ್ನು ಕಳಕೊಂಡೆವು. ಜಾಫ್ನಾದ ತಮಿಳರು ಉದು, ಉವನ್ ಅಂತ ಇನ್ನೂ ಮಾತಲ್ಲಿ ಇಟ್ಟುಕೊಂಡಿದ್ದಾರೆ. ಶಾಲೆಯಲ್ಲಿ ಇದು, ಅದು ಕಲಿಸುವಾಗ ಮಕ್ಕಳಿಗೆ ಈ ‘ಉ’ ಒಂದನ್ನು ಹೇಳಿಕೊಡಿ ಅಂತ ನಾನು ಸಿಕ್ಕಿದ ಟೀಚರುಗಳ ಹತ್ರ ಎಲ್ಲ ಹೇಳ್ತಾ ಇದ್ದೇನೆ. ನಿಮ್ಮ ಮನೆಮಾತಿನಲ್ಲಿ, ಕರಾಡ, ಕೊರಗ, ಬ್ಯಾರಿ, ಹವ್ಯಕ ಯಾವುದೇ ಇರ್ಲಿ, ಕೇಳುವವರ ಹತ್ರ ಇದ್ದದ್ದಕ್ಕೇ ಅಂತ ಒಂದು ಬೇರೆ ಶಬ್ದ ಇದ್ರೆ ದಯವಿಟ್ಟು ಬರೆದು ಕಳಿಸಿ, ಅಜ್ಜಿಯಂದಿರ ಹತ್ರ ಒಮ್ಮೆ ಕೇಳಿ ನೋಡಿ.