ಅರ್ಜಿ ಹಾಕೋದಕ್ಕೇ ರೊಕ್ಕ ಬೇಕಲ್ಲ

ರಜೆಗೆ ಬೆಟಗೇರಿಗೆ ಬಂದಿದ್ದೇನೆ. ನಿನ್ನೆ ಅಪ್ಪನ ಲೆಕ್ಕದ ಪುಸ್ತಕದಲ್ಲಿ 2023ರ ಒಂದು ಪುಟ ಸಿಕ್ಕಿತು. ಮೇಲೆ ನೂಲು, ಜರಿ, ಬಣ್ಣ ಅಂತ ಅಪ್ಪನ ಅಕ್ಷರ. ಕೆಳಗೆ ನನ್ನದು, ಹೊರದೇಶದಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕುವ ಲೆಕ್ಕ: ಪಾಸ್‌ಪೋರ್ಟ್ 1,500. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ 16 ಸಾವಿರದ ಮೇಲೆ. ಮೂರು ಅರ್ಜಿ ಶುಲ್ಕ. ಒಟ್ಟು ಬರೆದು ಗೀಟು ಹೊಡೆದುಬಿಟ್ಟಿದ್ದೆ.

ಅವತ್ತು ಅಪ್ಪ ಮಗ್ಗದ ಮೇಲೆ ಕೂತೇ ಕೇಳಿದ್ದರು. "ಇಷ್ಟು ರೊಕ್ಕ ಕಟ್ಟಿದ್ರ ಸೀಟು ಸಿಗತೈತೇನವಾ?"

"ಇಲ್ಲಪ್ಪಾ, ಇದು ಅರ್ಜಿ ಹಾಕಾಕ ಅಷ್ಟ."

ಅವರು ಏನೂ ಹೇಳಲಿಲ್ಲ. ಲಾಳಿ ಮತ್ತೆ ಓಡತೊಡಗಿತು.

ಹೊರದೇಶದಲ್ಲಿ ಪಿಎಚ್‌ಡಿ ಮಾಡೋಕೆ ವಿದ್ಯಾರ್ಥಿವೇತನ ಇದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಕೈಗೆ ಬರುವ ಮೊದಲಿನ ಖರ್ಚಿನ ಬಗ್ಗೆ ಯಾರೂ ಮಾತಾಡಲ್ಲ. ಬಡವರ ಮಕ್ಕಳು ನಿಲ್ಲೋದು ಅಲ್ಲೇ. ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನೋಡಿದ್ದೆ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗೆ, ವಯಸ್ಸು 35ರೊಳಗೆ. ನಮ್ಮಂಥ ಕುಶಲಕರ್ಮಿಗಳ ಮಕ್ಕಳಿಗೂ ಅದರಲ್ಲಿ ಜಾಗ ಇತ್ತು. ಆದರೆ 125 ಸೀಟಿನಲ್ಲಿ ಭೂಮಿ ಇಲ್ಲದ ಕೂಲಿಕಾರರು, ಕುಶಲಕರ್ಮಿಗಳು ಎಲ್ಲ ಸೇರಿ ಬರೀ 4. ಇಡೀ ದೇಶಕ್ಕೆ! ಅದಕ್ಕೂ ಮೊದಲು ವಿದೇಶಿ ವಿಶ್ವವಿದ್ಯಾಲಯದ ಪ್ರವೇಶ ಪತ್ರ ಕೈಯಲ್ಲಿರಬೇಕು. ಆ ಪತ್ರ ತರೋಕೇ ತಾನೇ ರೊಕ್ಕ ಬೇಕಿದ್ದದ್ದು?

ಹುಬ್ಬಳ್ಳಿಯ ಒಂದು ಕನ್ಸಲ್ಟೆನ್ಸಿ 60 ಸಾವಿರ ಕೇಳಿತು. ಎದ್ದು ಬಂದೆ.

ದಾರಿ ತೋರಿಸಿದ್ದು ಧಾರವಾಡದ ನನ್ನ ಸೀನಿಯರ್ ಅಕ್ಕ. ಜರ್ಮನಿ, ನೆದರ್‌ಲ್ಯಾಂಡ್ಸ್, ಸ್ವೀಡನ್‌ಗಳಲ್ಲಿ ಪಿಎಚ್‌ಡಿ ಅನ್ನೋದು ಹೆಚ್ಚಾಗಿ ಸಂಬಳದ ಕೆಲಸ. ಖಾಲಿ ಹುದ್ದೆ ಅಂತ ಪ್ರಕಟಣೆ ಬರುತ್ತದೆ. ಇಂಥ ಹುದ್ದೆಗೆ ಅರ್ಜಿ ಶುಲ್ಕ ಇರಲ್ಲ, ಸಂದರ್ಶನ ವಿಡಿಯೋದಲ್ಲೇ. ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನಕ್ಕೂ ಶುಲ್ಕ ಇಲ್ಲ, ವಿಮಾನದ ಖರ್ಚೂ ಅವರದೇ. ಐಇಎಲ್‌ಟಿಎಸ್ ಬದಲು, ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ ಅಂತ ವಿಭಾಗದಿಂದ ಬರೆಸಿಕೊಂಡ ಪತ್ರವನ್ನೇ ಎಷ್ಟೋ ಕಡೆ ಒಪ್ಪುತ್ತಾರೆ. ನನ್ನದನ್ನೂ ಒಪ್ಪಿದರು.

ಶುಲ್ಕ ಇರುವ ಕಡೆಯೂ ಬಿಡ್ತೀರಾ ಅಂತ ಕೇಳಿ ನೋಡು ಅಂದಳು ಅಕ್ಕ. ನಾಚಿಕೆಯಿಂದ ಎರಡು ದಿನ ಸುಮ್ನೆ ಕೂತೆ. ಆಮೇಲೆ ನಾಲ್ಕೇ ಸಾಲು ಬರೆದೆ: ನಾನು ನೇಕಾರನ ಮಗಳು, ಮನೆಯ ಆದಾಯ ಇಷ್ಟು, ಪ್ರಮಾಣ ಪತ್ರ ಜೊತೆಗಿದೆ, ಶುಲ್ಕ ಬಿಡಲು ಆಗುತ್ತದೆಯೇ? ಮೂರನೇ ದಿನ ಮನ್ನಾ ಅಂತ ಉತ್ತರ ಬಂತು. ಆ ಸೀಟು ಸಿಗಲಿಲ್ಲ. ಆದರೆ ಕೇಳಬಹುದು ಅನ್ನೋ ಧೈರ್ಯ ಬಂತು. ಕೊನೆಗೆ ಸಿಕ್ಕಿದ್ದು ಜರ್ಮನಿಯ ಸಂಬಳದ ಹುದ್ದೆ. ಟಿಕೆಟ್ಟಿಗೆ ಅವ್ವ ಸಂಘದಲ್ಲಿ ಸಾಲ ತೆಗೆದಳು. ಮೂರು ತಿಂಗಳಲ್ಲಿ ತೀರಿಸಿದೆ.

ಮೊನ್ನೆ ಬ್ಯಾಡಗಿಯ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಅಪ್ಪ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಹಮಾಲಿ. "ಅಕ್ಕಾರ, ನಂಗೂ ಆಗತೈತೇನ್ರಿ?" ಅಂದಳು. ಆ ನಾಲ್ಕು ಸಾಲು ಕಳಿಸಿದ್ದೇನೆ. ನಾಡಕಚೇರಿಯಿಂದ ಆದಾಯ ಪತ್ರ ಸೋಮವಾರ ಬರುತ್ತದಂತೆ.