ಒಂದು ಕಪ್ ಒಣದ್ರಾಕ್ಷಿ 250 ಗ್ರಾಂ ತೂಗುವುದಿಲ್ಲ

ಕ್ರಿಸ್‌ಮಸ್ ಸೀಸನ್‌ಗೆ ಮುಂಚೆ ನಮ್ಮ ಬೇಕರಿಯ ಮ್ಯಾನೇಜ್‌ಮೆಂಟ್‌ಗೆ ಹೊಸ ಹುಚ್ಚು ಹಿಡಿಯಿತು. ಎಲ್ಲ ರೆಸಿಪಿಯೂ ಸಾಫ್ಟ್‌ವೇರ್‌ಗೆ ಹೋಗಬೇಕು, ಸ್ಟೋರ್‌ನಿಂದ ಸಾಮಾನು ಕೇಳುವ ಇಂಡೆಂಟ್ ಅಲ್ಲಿಂದಲೇ ಬರಬೇಕು. ಕೆಟ್ಟ ತಕ್ಕಡಿ ರಿಪೇರಿ ಮಾಡಿಸಿ ಅಂದರೆ ಮಾತ್ರ ಬಜೆಟ್ ಇಲ್ಲ.

ಪ್ಲಮ್ ಕೇಕಿನ ಹಳೇ ಕಾರ್ಡ್‌ನಲ್ಲಿ ಮೈದಾ, ಬೆಣ್ಣೆ, ಸಕ್ಕರೆ ತಲಾ 500 ಗ್ರಾಂ, ಮೊಟ್ಟೆ 10 ಅಂತಿತ್ತು. ಹಣ್ಣು ಮಾತ್ರ 8 ಕಪ್. ಸಾಫ್ಟ್‌ವೇರ್‌ನ ಅಳತೆಗಳ ಪಟ್ಟಿ, ಅಂದರೆ ಯೂನಿಟ್ ಮಾಸ್ಟರ್‌ನಲ್ಲಿ ಒಂದು ಕಪ್‌ಗೆ 250 ಎಂ.ಎಲ್. ಎಂದು ಹಾಕಿದ್ದವರು ಗ್ರಾಂ ಕಾಲಂನಲ್ಲೂ ಅದೇ ಅಂಕಿ ತುಂಬಿದ್ದರು. ನೀರಿಗಾದರೆ ಸರಿಯೇ. ಹೀಗೆ 8 ಕಪ್ ಹಣ್ಣು 2 ಕೆ.ಜಿ. ಆಯಿತು, ಹತ್ತು ಪಟ್ಟಿನ ಬ್ಯಾಚ್‌ಗೆ 20 ಕೆ.ಜಿ. ನಾನು ಅಪ್ರೂವ್ ಒತ್ತಿದೆ. ಸ್ಟೋರ್‌ನವರು ಅಷ್ಟನ್ನೂ ರಮ್‌ನಲ್ಲಿ ನೆನೆಹಾಕಿ, ಡ್ರಮ್ ಮೇಲೆ ಬ್ಯಾಚ್ ನಂಬರ್ ಅಂಟಿಸಿದರು.

ಮಿಕ್ಸಿಂಗ್ ದಿನ ಮುಕ್ಕಾಲು ಡ್ರಮ್ ಹಣ್ಣು ಬೌಲ್‌ಗೆ ಬಿದ್ದಿತ್ತು. ನಮ್ಮ ಕೇಕ್ ಮಾಸ್ಟರ್ ಬಂದು ಮಷೀನ್ ನಿಲ್ಲಿಸಿದರು. ಕೈ ಹಾಕಿ ಒಂದು ಹಿಡಿ ಎತ್ತಿ, ಬೆರಳು ಅಗಲಿಸಿದರು. ಹಿಟ್ಟು ಜಾರಿ ಬೀಳಬೇಕಿತ್ತು. ಬೀಳಲಿಲ್ಲ. ಅಂಗೈಯಲ್ಲಿ ದ್ರಾಕ್ಷಿ, ಖರ್ಜೂರದ ಮುದ್ದೆ ಹಾಗೇ ಕೂತಿತ್ತು.

‘ಸಾರ್, ಹಣ್ಣು ಜಾಸ್ತಿ ಆಯ್ತು ಅನ್ಸಲ್ವಾ?’

‘ಸಿಸ್ಟಮ್‌ನಲ್ಲಿ ಹಾಗೇ ಇದೆಯಲ್ಲ ಮಾಸ್ಟರ್.’

‘ಇದು ಕೇಕಾಗಲ್ಲ ಸಾರ್, ಚಿಕ್ಕಿ ಆಗುತ್ತೆ. ಉಳಿದಿದ್ದು ಹಾಗೇ ಇಟ್ಬಿಡೋಣ.’

ನಿಜ ಹೇಳಬೇಕೆಂದರೆ ನನಗೂ ಅನುಮಾನ ಬಂದಿತ್ತು. ಆದರೆ ಅದೇ ವಾರ ‘ಕಣ್ಣಳತೆ ಇನ್ನು ನಡೆಯಲ್ಲ’ ಎಂದು ಅವರ ಮುಂದೆ ಭಾಷಣ ಬಿಗಿದವನು ನಾನು. ಓವನ್ ಕಾದಿತ್ತು, ಟಿನ್‌ಗಳಿಗೆ ಬಟರ್ ಪೇಪರ್ ಹಾಸಿ ಆಗಿತ್ತು, ಡಿಸ್‌ಪ್ಯಾಚ್‌ನವರು ಎರಡೆರಡು ಸಲ ಫೋನ್ ಮಾಡಿದ್ದರು. ಹುಡುಗರೆಲ್ಲ ಕೆಲಸ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ‘ಹಾಕಿ’ ಅಂದೆ. ಮಾಸ್ಟರ್ ಮಾತಾಡದೆ ಡ್ರಮ್ ಬಗ್ಗಿಸಿದರು.

ಮರುದಿನ ಕಟಿಂಗ್ ಟೇಬಲ್‌ನಲ್ಲಿ ಚಾಕು ಇಟ್ಟರೆ ಸಾಕು, ಸ್ಲೈಸ್ ಉದುರುತ್ತಿತ್ತು. ಹಣ್ಣನ್ನು ಹಿಡಿದಿಡುವಷ್ಟು ಹಿಟ್ಟೇ ಇರಲಿಲ್ಲ. ಮುರಿದಿದ್ದೆಲ್ಲ ರಮ್ ಬಾಲ್ ಆಯಿತು. ಅದು ಚೆನ್ನಾಗಿ ಖರ್ಚಾಯಿತು, ಅದು ಬೇರೆ ಮಾತು.

ಆಮೇಲೆ ಮಾಸ್ಟರೂ ನಾನೂ ತಕ್ಕಡಿ ಮುಂದೆ ಕೂತೆವು. ಒಣದ್ರಾಕ್ಷಿಯನ್ನು ಕಪ್‌ಗೆ ಸುಮ್ನೆ ಸುರಿದರೆ 145 ಗ್ರಾಂ ಆಸುಪಾಸು. ಅದೇ ಕಪ್ಪನ್ನು ಕುಟ್ಟಿ, ಒತ್ತಿ ತುಂಬಿದರೆ 165ರವರೆಗೂ ಹೋಗುತ್ತದೆ. ಹೆಚ್ಚಿದ ಖರ್ಜೂರ 150ರ ಹತ್ತಿರ, ಆದರೆ ತುಂಡುಗಳು ಅಂಟಿಕೊಂಡರೆ ಲೆಕ್ಕ ಕೆಡುತ್ತದೆ, ಸ್ವಲ್ಪ ಮೈದಾ ಉದುರಿಸಿ ಬಿಡಿಸಿಕೊಳ್ಳಬೇಕು. ಅರ್ಧ ಮಾಡಿದ ಒಣ ಏಪ್ರಿಕಾಟ್ ಇನ್ನೂ ಕಮ್ಮಿ, 130. ಒಣ ಕ್ರ್ಯಾನ್‌ಬೆರಿ 120ರ ಸುತ್ತ. ತುಂಡುಗಳ ಮಧ್ಯೆ ಗಾಳಿ ಎಷ್ಟಿದೆಯೋ ಅಷ್ಟು ತೂಕ ಕಮ್ಮಿ. ಒತ್ತದೆ ತುಂಬಿದರೆ ಕಾರ್ಡ್‌ನ 8 ಕಪ್ ಅಂದರೆ 1.2 ಕೆ.ಜಿ. ಆಸುಪಾಸು ಅಷ್ಟೇ. ಹತ್ತು ಪಟ್ಟಿನ ಪ್ರತಿ ಬ್ಯಾಚ್‌ಗೆ ಹೆಚ್ಚುಕಮ್ಮಿ 8 ಕೆ.ಜಿ. ಹಣ್ಣು ಪುಕ್ಕಟೆ ಹೋಗುತ್ತಿತ್ತು!

ಇನ್ನೊಂದು ವಿಷಯ ಮಾಸ್ಟರ್ ಹೇಳಿದ್ದು: ಕಾರ್ಡ್‌ನ ಅಳತೆ ನೆನೆಸುವ ಮುಂಚಿನದು. ನೆಂದ ಹಣ್ಣು ರಮ್ ಕುಡಿದು ಉಬ್ಬಿರುತ್ತದೆ. ಅದನ್ನು ಕಪ್‌ನಲ್ಲಿ ಅಳೆದರೂ ತಪ್ಪು, ಒಣ ಹಣ್ಣಿನ ತೂಕಕ್ಕೆ ಹೋಲಿಸಿದರೂ ತಪ್ಪು. ಅಮೆರಿಕದ ರೆಸಿಪಿಯಾದರೆ ಕಪ್ಪೇ 237 ಎಂ.ಎಲ್. ಮನೆಯಲ್ಲಿ ಒಂದು ಕೇಕಿಗೆ ಅದು ಲೆಕ್ಕಕ್ಕೆ ಬರಲ್ಲ, ಹತ್ತು ಪಟ್ಟಿಗೆ ಬರುತ್ತದೆ.

ಈಗ ಕಾರ್ಡ್‌ನಲ್ಲಿ ಕಪ್ ಇಲ್ಲ, ಹಣ್ಣುಹಣ್ಣಿಗೂ ಬೇರೆ ಗ್ರಾಂ. ಮೊದಲ ಬ್ಯಾಚ್ ಮಾಸ್ಟರ್ ಕೈ ಹಾಕಿ ನೋಡದೆ ಓವನ್‌ಗೆ ಹೋಗುವುದಿಲ್ಲ. ಸಾಫ್ಟ್‌ವೇರ್‌ನವರನ್ನು ಕೇಳಿದರೆ ಕಪ್ ಕಾಮನ್ ಯೂನಿಟ್ಟಂತೆ, ಬದಲಿಸಲು ಚಾರ್ಜ್ ಆಗುತ್ತದಂತೆ. ಹಾಗಾಗಿ ನಮ್ಮ ಯೂನಿಟ್ ಮಾಸ್ಟರ್‌ನಲ್ಲಿ ಈಗ ‘ದ್ರಾಕ್ಷಿ ಕಪ್’, ‘ಖರ್ಜೂರ ಕಪ್’, ‘ಏಪ್ರಿಕಾಟ್ ಕಪ್’ ಎಂಬ ಮೂರು ಹೊಸ ಯೂನಿಟ್‌ಗಳಿವೆ. ಆಡಿಟರ್ ಬಂದಾಗ ಉತ್ತರ ಮ್ಯಾನೇಜ್‌ಮೆಂಟೇ ಕೊಡಲಿ.